ಎರಡು ಬೆರಳಿನ ಸಾಲು

ಅಕ್ಕನ ಗಂಡ, ನಮ್ಮ ಭಾವನವರಿಗೆ ಖಾಲಿ ಜಾಗ ಕಂಡರಾಗದು, ತಲೆಯೊಳಗಿನದೊಂದನ್ನು ಬಿಟ್ಟು. ಈರುಳ್ಳಿ ಸಸಿ ನೆಡುವ ದಿನ, ಸಾಲಿನಿಂದ ಸಾಲಿಗೆ ಒಂದು ಗೇಣು ಬಿಡಿ ಎಂದು ನಾನು ಅಂದದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮಧ್ಯದಲ್ಲಿ ಗಾಳಿ ಬೆಳೀತೀಯೇನಯ್ಯಾ? ನಾನು ಎರಡೆರಡು ಬೆರಳಿಗೆ ನೆಡ್ತೀನಿ. ನಿನಗಿಂತ ಮೂರು ಪಟ್ಟು ತೆಗೀತೀನಿ, ನೋಡ್ತಿರು."

ನಾನು ಪಕ್ಕದ ಮಡಿಯಲ್ಲಿ ಗೇಣಿಗೊಂದು ಸಾಲು ನೆಟ್ಟೆ. ಅವರು ಬಾಚಣಿಗೆಯ ಹಲ್ಲಿನಂತೆ ನೆಟ್ಟೇಬಿಟ್ಟರು. ತಿಂಗಳೊಳಗೆ ಕಳೆ ಎದ್ದಿತು. ಕೈ ತೂರಿಸಲೂ ಸಂದಿಯಿಲ್ಲ. ಒಂದು ಹುಲ್ಲು ಕಿತ್ತರೆ ಜೊತೆಗೆ ನಾಲ್ಕು ಸಸಿ ಎದ್ದು ಬರುತ್ತಿದ್ದವು. ಆ ಹುಲ್ಲುಗಾವಲನ್ನೇ ಮಹಾನುಭಾವರು, "ಎಷ್ಟು ದಟ್ಟವಾಗಿದೆ ನೋಡಿ" ಎಂದು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದರು.

ಕೊನೆಗೆ ಕಿತ್ತಾಗ ಸಿಕ್ಕಿದ್ದು ಗೋಲಿ ಗಾತ್ರದ ಗಡ್ಡೆ. ನಾಚಿಕೆಯಾಯಿತೇ? ಎಲ್ಲಿಂದ ಬರಬೇಕು! ಅಡುಗೆಮನೆಯಲ್ಲಿ ಬುಟ್ಟಿ ತುಂಬ ತಂದು ಸುರಿದು, ಎದೆಯುಬ್ಬಿಸಿ ನನ್ನತ್ತ ತಿರುಗಿದರು.

"ಎಣಿಸಯ್ಯಾ, ಯಾರದು ಜಾಸ್ತಿ?"

ಅಕ್ಕ ಒಲೆ ಬಿಟ್ಟು ಬಂದು ಅವರ ಕೈಗೆ ಚಾಕು ಕೊಟ್ಟಳು.

"ನಿಮ್ಮದೇ ಜಾಸ್ತಿ ರೀ. ಕೂತ್ಕೊಂಡು ಸುಲೀರಿ. ಈ ಹೊತ್ತಿನ ಅಡುಗೆಗೆ ಒಂದು ನೂರು ಸಾಕು."