ಹೆಗಲ ಕೆಳಗಿನ ಟವೆಲ್

ಹಾಲು ಉಕ್ಕಿ ಒಲೆಯ ಮೇಲೆ ಚುರ್ ಎಂದಿತು, ಆರಿಸಬೇಕು, ಆರಿಸಿದಳು, ನೆಂಟರೆಲ್ಲ ನಿನ್ನೆ ಹೊರಟರು, ಇವತ್ತು ಪೇಪರಿನವನೂ ಬಂದುಹೋದ, ಗಂಡನನ್ನು ಮಣ್ಣು ಮಾಡಿ ಬಂದ ಮೇಲಿನ ಮೊದಲ ಮಾಮೂಲಿ ಬೆಳಗು — ಸೋಫಾದ ಮೇಲೆ ಗುಂಡ ಮಲಗಿದ್ದಾನೆ, ಮಕ್ಕಳ ವಾರ್ಡಿನ ರಬ್ಬರ್ ಬೊಂಬೆ, ಆಂಬುಲೆನ್ಸಿನ ಹೊಸಬರಿಗೆ ಉಸಿರು ಕೊಡುವುದನ್ನು ಕಲಿಸಲು ಗಂಡ ಕೇಳಿ ತಂದದ್ದು, ಹೆಗಲ ಕೆಳಗೆ ಮಡಿಸಿದ ಹಸಿರು ಟವೆಲ್. ಮೊದಲ ದಿನ ಅವಳು ತಲೆಗೆ ದಿಂಬು ಕೊಟ್ಟಿದ್ದಳು, ಅವನು ಬಿದ್ದು ಬಿದ್ದು ನಕ್ಕಿದ್ದ, ಎಂ.ಎ. ಓದಿ ಮಗೂನ ಉಸಿರು ಕಟ್ಟಿಸ್ತೀಯಲ್ಲೇ, ಕೂಸುಗಳಿಗೆ ತಲೆನೇ ದೊಡ್ಡದು, ದಿಂಬಿಟ್ರೆ ಕತ್ತು ಮಡಚಿಕೊಳ್ಳುತ್ತೆ, ಹೆಗಲ ಕೆಳಗಿಡು, ಹಾಂ, ಈಗ ಮೂಗು ಸೂರು ನೋಡ್ತಿದೆ — ಆಮೇಲೆ ಗುಂಡನಿಗೆ ಹೊದಿಸುತ್ತಿದ್ದ, ಚಿಕ್ಕ ಮೈ ಬೇಗ ತಣ್ಣಗಾಗುತ್ತೆ ಕಣೇ, ಮತ್ತೆ ನನಗ್ಯಾರು ಹೊದಿಸ್ತಾರೆ ಎಂದರೆ, ನಿಂದು ದಪ್ಪ ಚರ್ಮ ಬಿಡು. ಬೊಂಬೆ ಕೊಟ್ಟು ಬಾ ಮಗಳೇ, ಅತ್ತೆ ಅಡುಗೆಮನೆಯಿಂದ, ವಾರ್ಡಿಂದ ಇನ್ನೊಂದ್ಸಲ ಫೋನ್ ಬಂತು, ಹೂಂ ಅತ್ತೆ, ಕೊಡಬೇಕು, ಕೇಳಲಿಕ್ಕೂ ಒಂದು ಮಾತಿದೆ.

ಬಸ್ಸಿನಲ್ಲಿ ಪಕ್ಕದ ಅಜ್ಜಿ ಮಡಿಲ ಗುಂಡನನ್ನು ನೋಡಿ, ಮಗೂಗೆ ಒಂದು ಟೋಪಿ ಹಾಕ್ಬಾರ್ದಾ, ಹಾಕ್ತೀನಿ ಎಂದುಬಿಟ್ಟಳು, ಅವನಿದ್ದರೆ ವಾರವಿಡೀ ಇದನ್ನೇ ಹೇಳಿ ನಗಿಸುತ್ತಿದ್ದ. ಮಕ್ಕಳು ಮೋಸಗಾರರು ಕಣೇ, ಕೊನೇ ತನಕ ತಡ್ಕೊಂಡು ಒಮ್ಮೆಲೇ ಕುಸೀತಾರೆ, ದೊಡ್ಡೋರು ಮೊದಲೇ ಸುಳಿವು ಕೊಡ್ತಾರೆ, ಎನ್ನುತ್ತಿದ್ದ — ನೀನು ಕೊಟ್ಟೆಯಾ, ಊಟ ಮಾಡಿ ಕೈ ತೊಳೆದು, ಏನೋ ತಮಾಷೆ ಹೇಳುತ್ತಲೇ ಬಾಗಿಲ ಬಳಿ ಕುಸಿದೆ, ಮಗುವಿನ ಹಾಗೆ, ಅವಳಿಗೆ ಬಂದದ್ದು ಗುಂಡನ ಪಾಠವೊಂದೇ, ಗುಂಡನ ಟವೆಲನ್ನೇ ಎಳೆದು ಅವನ ಹೆಗಲ ಕೆಳಗಿಟ್ಟಳು, ಆಂಬುಲೆನ್ಸಿನಿಂದ ಓಡಿ ಬಂದದ್ದು ಅವನೇ ಕಲಿಸಿದ ಹುಡುಗಿ, ಟವೆಲ್ ಎಳೆದು ಬದಿಗಿಟ್ಟಳು, ಅಕ್ಕ, ಇದು ಮಕ್ಕಳಿಗೆ.

ವಾರ್ಡಿನ ದೊಡ್ಡ ಸಿಸ್ಟರ್ ಗುಂಡನನ್ನು ಎತ್ತಿಕೊಂಡರು, ಮಗುವನ್ನು ಎತ್ತಿಕೊಳ್ಳುವ ಹಾಗೇ, ತಲೆಯ ಹಿಂದೆ ಅಂಗೈ ಕೊಟ್ಟು. ದೊಡ್ಡೋರಿಗೆ ಹೆಗಲ ಕೆಳಗಿಟ್ರೆ, ಸಿಸ್ಟರ್, ಉಸಿರು ಕಟ್ಟಿ — ಇಲ್ಲ ತಂಗಿ, ಅದ್ರಿಂದ ಏನೂ ಆಗಿಲ್ಲ, ಅವ್ರಿಗೆ ಅದು ಬೇಕಿರ್ಲಿಲ್ಲ, ಅಷ್ಟೆ, ಎದೆಬಡಿತ ಆಗ್ಲೇ ನಿಂತಿತ್ತು, ತಗೊಳಮ್ಮ, ಈ ಟವೆಲ್ ನಮ್ದಲ್ಲ. ಕೈಯಲ್ಲಿ ಟವೆಲ್, ಬೇಕಿರಲಿಲ್ಲ ಅಷ್ಟೆ, ಮೆಟ್ಟಿಲು, ಬಿಸಿಲು, ಬಸ್ಸು ಬಂದು ನಿಂತು ಹೊರಟಿತು, ಅಂದಿನ ಮಡಿಕೆ ಬಿಚ್ಚಲಿಲ್ಲ, ಹಸಿರು ಟವೆಲ್, ನಡುವೆ ಒಂದು ತಗ್ಗು, ಗುಂಡನ ಹೆಗಲಿಗಿಂತ ಅಗಲ, ನಡುವೆ ಒಂದು ತಗ್ಗು —