ದವಾಖಾನಿ ಹುಳ

ಆಸ್ಪತ್ರೆಯಿಂದ ಬಂದ ಮರುದಿನ ಶೇಷಮ್ಮ ಕೊಡ ಹಿಡಿದು ವಠಾರದ ನಲ್ಲಿಗೆ ಹೋದಳು. ಅಲ್ಲಿದ್ದ ಹೆಂಗಸರೆಲ್ಲ ಮೂಗಿಗೆ ಸೆರಗು ಹಿಡಿದು ಹಿಂದೆ ಸರಿದರು.

ಅಫಜಲಪುರದ ಕಡೆಯಿಂದ ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದು ಹೊಸ ತಿಪ್ಪಸಂದ್ರದಲ್ಲಿ ನೆಲೆಸಿದವಳು ಅವಳು. ಬೇಸಿಗೆಯಲ್ಲಿ ಅಪೆಂಡಿಕ್ಸ್ ಒಡೆದು ಆಪರೇಷನ್ ಆಗಿತ್ತು. ಹೊಲಿಗೆ ಹಾಕಿದ ಜಾಗ ಕೀವು ತುಂಬಿ, ಯಾವ ಔಷಧಿಗೂ ಬಗ್ಗಲಿಲ್ಲ. ಅವಳನ್ನು ಮೂಲೆಯ ರೂಮಿಗೆ ಹಾಕಿ, ನರ್ಸುಗಳು ಗೌನು, ಗ್ಲೌಸು ತೊಟ್ಟೇ ಒಳಗೆ ಬರುತ್ತಿದ್ದರು. ಕಿಡ್ನಿಗೆ ಪೆಟ್ಟು ಬೀಳುತ್ತದೆಂದು ಡಾಕ್ಟರುಗಳು ಕೈಬಿಟ್ಟಿದ್ದ ಯಾವುದೋ ಹಳೇ ಇಂಜೆಕ್ಷನ್ನು ಕೊನೆಗೆ ಅವಳನ್ನು ಉಳಿಸಿತು. ನೋಡಲು ಬಂದಿದ್ದ ಮನೆ ಓನರ್ ಬಾಲಮ್ಮ ಆ ಗೌನು, ಗ್ಲೌಸು ಕಂಡು ಗಾಬರಿಯಾಗಿ, ಅಂಟುರೋಗವೆಂದು ವಠಾರಕ್ಕೆಲ್ಲ ಸಾರಿದ್ದಳು.

"ತಪ್ಪು ತಿಳ್ಕೋಬೇಡ ಶೇಷಮ್ಮ, ನಲ್ಲಿ ಮಾತ್ರ ಮುಟ್ಬೇಡ. ತಿಂಗಳು ಮುಗಿಯೋದ್ರೊಳಗೆ ರೂಮ್ ಖಾಲಿ ಮಾಡಿ. ಮಕ್ಕಳು ಮರಿ ಇರೋ ಜಾಗ" ಅಂದಳು ಬಾಲಮ್ಮ.

ಶೇಷಮ್ಮನಿಗೆ ಅಳು ಬರಲಿಲ್ಲ, ಮೈ ಉರಿಯಿತು. ಗಾಯಕ್ಕೆ ಬ್ಯಾಂಡೇಜು ಬದಲಿಸಲು ಆಸ್ಪತ್ರೆಗೆ ಹೋದಾಗ ಡಾಕ್ಟರ್ ಉಮ್ಮೆ ಕುಲ್ಸುಂ ಎದುರು ಗಟ್ಟಿಯಾಗಿ ಕೂತಳು. "ನಾ ನಳ ಮುಟ್ಟಿದ್ರ ಮಂದಿ ಸಾಯ್ತಾರೇನ್ರೀ?"

"ಗಟ್ಟಿಮುಟ್ಟಾಗಿರೋರಿಗೆ ನಿಮ್ಮ ಗಾಯದಲ್ಲಿದ್ದ ಹುಳ, ಅಂದ್ರೆ ಬ್ಯಾಕ್ಟೀರಿಯಾ, ಏನೂ ಮಾಡಲ್ಲ. ಹಸಿ ಗಾಯ, ಮೈಗೆ ಹಾಕಿರೋ ಟ್ಯೂಬು, ಹಸುಗೂಸು... ಅಂಥ ಕಡೆ ನುಗ್ಗತ್ತೆ. ಇನ್ನೂ ಸ್ವಲ್ಪ ಕಾಲ ನಿಮ್ಮ ಮೈಯಲ್ಲಿ ಇರಬಹುದು, ಸೋಪು ಹಾಕಿ ಕೈ ತೊಳೀತಿರಿ."

"ಔಷಧಿಗ್ಯಾಕ ಸಾಯಲಿಲ್ಲ ಅದು?"

"ಔಷಧಿ ಮುರಿಯೋ ಜೀನು ಅದರೊಳಗಿದೆ. ಪಕ್ಕದ ಹುಳಕ್ಕೂ ಅದನ್ನ ದಾಟಿಸಿಬಿಡತ್ತೆ. ಔಷಧಿ ಸುರಿದೂ ಸುರಿದೂ ಇಲ್ಲಿ ಅಂಥವೇ ಉಳ್ಕೊಂಡಿವೆ."

"ಅಂದ್ರ ಇದು ನನ್ನ ಮನಿದಲ್ಲ. ನಿಮ್ಮ ದವಾಖಾನಿದು."

ಡಾಕ್ಟರ್ ಬಾಗಿಲ ಕಡೆ ಒಮ್ಮೆ ನೋಡಿದರು. "ಹೌದು, ನಮ್ಮದೇ" ಅಂದರು.

ಮರುದಿನ ಶೇಷಮ್ಮ ಎಲ್ಲರಿಗಿಂತ ಮೊದಲೇ ನಲ್ಲಿಯ ಕೆಳಗೆ ಕೊಡ ಇಟ್ಟಳು. ಬಾಲಮ್ಮ ಕಾಲಲ್ಲಿ ತಳ್ಳಿದಳು. ಶೇಷಮ್ಮ ಎತ್ತಿ ಮತ್ತೆ ಅಲ್ಲೇ ಇಟ್ಟಳು.

"ಅಕ್ಕಾ, ಆ ಹುಳ ನಾ ಊರಿಂದ ಗಂಟು ಕಟ್ಟಿಕೊಂಡು ಬಂದಿಲ್ಲ. ದವಾಖಾನ್ಯಾಗ ಹತ್ತಿದ್ದು. ಹೋಗಿ ಅವರನ್ನ ಕೇಳ್ರಿ. ಸೋಪು ಹಚ್ಚಿ ಕೈ ತೊಳಕೊಂಡು ಬಂದೀನಿ, ನೀರು ಹಿಡಿತೀನಿ. ಖೋಲಿ ಬಿಡಂಗಿಲ್ಲ. ಯಾರನ್ನ ಕರಸ್ತೀರೋ ಕರಸ್ರಿ!"

ಶೇಷಮ್ಮ ಹೊಟ್ಟೆಯ ಗಾಯಕ್ಕೆ ಭಾರವಾಗದಂತೆ ಅರ್ಧ ಕೊಡ ತುಂಬಿಸಿ, ನಿಧಾನಕ್ಕೆ ನಡೆದು ಹೋದಳು. ತಿಂಗಳು ಮುಗಿಯಿತು. ಅವಳು ಕದಲಲಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಬಾಲಮ್ಮನ ಗಂಡ ಮುನಿಶಾಮಿಗೆ ಆಪರೇಷನ್ ಆಗಿ, ಮೂತ್ರದ ಟ್ಯೂಬಿನ ಸಮೇತ ಮನೆಗೆ ಕಳಿಸಿದರು. ಒಂದು ಮಧ್ಯಾಹ್ನ ಆತ ಮಂಚದಿಂದ ಜಾರಿದ. ವಠಾರದಲ್ಲಿ ಬೇರೆ ಯಾರೂ ಇರಲಿಲ್ಲ.

"ಶೇಷಮ್ಮಾ, ಸ್ವಲ್ಪ ಬಾರೇ, ಎತ್ತಬೇಕು!" ಬಾಲಮ್ಮ ಕೂಗಿದಳು.

ಓಡಿ ಬಂದ ಶೇಷಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು. "ನಾ ಒಳಗ ಬರಂಗಿಲ್ಲ ಅಕ್ಕಾ."

"ಆವತ್ತಿನ ಸೇಡು ತೀರಿಸ್ಕೊಳ್ತಿದೀಯಾ?"

"ಟ್ಯೂಬು ಹಾಕ್ಯಾರ ಅವರಿಗೆ. ನನ್ನ ಮೈಯಾಗ ಆ ಹುಳ ಇನ್ನೂ ಇದ್ದರ?" ಅಂದವಳೇ ಬೀದಿಗೆ ಓಡಿ, ಆಟೋ ಒರೆಸುತ್ತಿದ್ದ ರಿಜ್ವಾನನನ್ನು ಎಳೆದುಕೊಂಡು ಬಂದಳು. ಬಾಲಮ್ಮನ ಸೋಪನ್ನೇ ಅವನ ಕೈಗೆ ಹಾಕಿಸಿದಳು.

"ಮೊಣಕೈ ತನಕ ತಿಕ್ಕು."

"ಸಾಕಲ್ಲ ಅಕ್ಕಾ?"

"ಬೆರಳ ಸಂದಿ ಯಾರು ತೊಳೀತಾರ?"

ರಿಜ್ವಾನ್ ತೊಳೆದು ಒಳಗೆ ಹೋಗಿ ಮುನಿಶಾಮಿಯನ್ನು ಎತ್ತಿ ಮಲಗಿಸಿದ. ಆಮೇಲೆ ಟ್ಯೂಬು ತೆಗೆಯುವ ತನಕ, ಕೈ ತೊಳೆಯದವರು ಯಾರೂ ಆ ಮನೆ ಹೊಗದ ಹಾಗೆ ಶೇಷಮ್ಮ ಬಾಗಿಲು ಕಾದಳು. ಬೈಸಿಕೊಂಡಳು, ತಿರುಗಿ ಬೈದಳು. ಮುನಿಶಾಮಿಗೆ ಗಾಯ ಚೆನ್ನಾಗಿ ಮಾಯಿತು.

ಬಾಲಮ್ಮ ಮಾತ್ರ "ಅವಳದು ಬಲು ಸೊಕ್ಕು ಕಣೇ" ಅಂತಲೇ ಎಲ್ಲರ ಹತ್ತಿರ ಹೇಳುತ್ತಿದ್ದಳು. ಅದು ಶೇಷಮ್ಮನ ಕಿವಿಗೂ ಬಿತ್ತು.

"ಐತಿ, ಏನೀಗ?" ಅಂದಳು.