ಚಿನ್ನಮನೂರಿನ ತಿರುವು

"ನಾವು ಎಲ್ಲಿದೀವಿ ಅಂತ ಈ ಪೆಟ್ಟಿಗೆಗೆ ಹೆಂಗೆ ತೆರಿಯ್ತದೆ, ತಂಬಿ?" ತಂಗರಾಜ್ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ.

ದ್ರಾಕ್ಷಿ ಲಾರಿ ಉತ್ತಮಪಾಳ್ಯ ದಾಟಿತ್ತು. ಸ್ಟಿಯರಿಂಗಿನ ಪಕ್ಕದಲ್ಲಿ ಹಗ್ಗ ಹಾಕಿ ಬಿಗಿದ ಪೆಟ್ಟಿಗೆಯ ಪರದೆಯ ಮೇಲೆ ಅದೇ ರಸ್ತೆ ಹಸಿರು ಗೆರೆಯಾಗಿ ಜರುಗುತ್ತಿತ್ತು.

"ಸ್ಯಾಟಲೈಟ್ ಇದೆ ಮಾಮ. ಪೆಟ್ಟಿಗೆ ನಮ್ಮ ಜಾಗ ತಿಳ್ಕೊಂಡು ದಿಂಡುಕ್ಕಲ್ ಆಫೀಸಿಗೆ ವೈರ್‌ಲೆಸ್ಸಲ್ಲಿ ಹೇಳ್ತದೆ. ಅವ್ರು ಮುಂದಿನ ದಾರಿಯ ನಕ್ಷೆ ಮಾತ್ರ ಕಳಿಸ್ತಾರೆ. ಪೂರಾ ನಕ್ಷೆ ಇದ್ರಲ್ಲಿ ಹಿಡಿಯಲ್ಲ," ಎಂದ ಪಕ್ಕದ ಸೀಟಿನಲ್ಲಿದ್ದ ವಿಘ್ನೇಶ್ವರನ್.

"ಅಂದ್ರೆ ನಾ ಎಲ್ಲಿ ತಿರುಗಿದ್ರೂ ಅವ್ರಿಗೆ ತೆರಿಯ್ತದೆ."

"ತೆರಿದೆ ಇದ್ರೆ ನಕ್ಷೆ ಹೆಂಗೆ ಕಳಿಸ್ತಾರೆ?"

ತಂಗರಾಜ್ ಪರದೆಯನ್ನು ಓರೆಗಣ್ಣಲ್ಲಿ ನೋಡಿದ. ಕಾಮಯಗೌಂಡನ್‌ಪಟ್ಟಿಯಿಂದ ದಿಂಡುಕ್ಕಲ್ಲಿಗೆ ಕಣ್ಣು ಕಟ್ಟಿ ಬಿಟ್ಟರೂ ಹೋಗುವ ತನಗೆ ನಕ್ಷೆ ಯಾಕೆ? ಹೊಸ ಕಂಪನಿಯ ಪರೀಕ್ಷೆ ಎಂದಿದ್ದ ಲಾರಿಯ ಯಜಮಾನ ರಾಮರ್. ಪರೀಕ್ಷೆಗೆ ಬಂದ ಈ ವಿಘ್ನೇಶ್ವರನ್ ರಾಮರ್‌ನ ತಂಗಿಯ ಮಗನೇ. ಹುಡುಗ ಕಂಬಂನಲ್ಲಿ ಟೀ ಕೊಡಿಸಿದ್ದ, ಇಳಿದು ಮುಂದಿನ ಗಾಜು ಒರೆಸಿಕೊಟ್ಟಿದ್ದ. ಎಲ್ಲ ಬಾಯಿ ಬಿಡಿಸುವುದಕ್ಕೇ ಎನಿಸಿತು.

ಚಿನ್ನಮನೂರಿನಲ್ಲಿ ತಿರುಗಿದರೆ ಸಿಗುವ ಮಾರ್ಕಯನ್‌ಕೋಟ್ಟೈಯಲ್ಲಿ ತಂಗರಾಜನ ಅಕ್ಕ ಕಮಲಮ್ಮಾಳ್ ಇದ್ದಳು. ಮಗಳನ್ನು ಬೇರೆ ಜಾತಿಗೆ ಕೊಟ್ಟ ಮೇಲೆ, ಆ ಮನೆಯಲ್ಲಿ ಯಾರೂ ನೀರು ಮುಟ್ಟಬಾರದೆಂದು ಕುಲದ ಹಿರಿಯರು ಹೇಳಿದ್ದರು. ಅದನ್ನು ಹೇಳಿದ ಬಾಯಿ ರಾಮರ್‌ನದು. ಆ ಹೊಸ್ತಿಲು ತುಳಿದವನು ತನ್ನ ಲಾರಿ ಹತ್ತಬಾರದೆಂದೂ ಅವನೇ ಹೇಳಿದ್ದ. ಆದರೂ ಲೋಡಿನ ದಿನ ತಂಗರಾಜ್ ಒಂದು ಗಳಿಗೆ ಅತ್ತ ಹೋಗಿ ಬರುತ್ತಿದ್ದ. ಇವತ್ತು ಬೆಳಿಗ್ಗೆ ಬಸ್ ಕಂಡಕ್ಟರ್ ಮಾಯಾಂಡಿ ಸುದ್ದಿ ತಂದಿದ್ದ: ಅಕ್ಕನಿಗೆ ಜ್ವರ, ಎದ್ದರೆ ತಲೆ ತಿರುಗುತ್ತದಂತೆ. ಅವಳಿಗೆಂದು ಕೊಂಡ ಮಾತ್ರೆ ಸೀಟಿನ ಕೆಳಗಿತ್ತು.

ಚಿನ್ನಮನೂರು ಬಂತು. ತಂಗರಾಜ್ ಲಾರಿಯನ್ನು ತಿರುಗಿಸಿಯೇ ಬಿಟ್ಟ.

ಹಸಿರು ಗೆರೆ ತುಂಡಾಗಿ ಪರದೆ ಬೂದಿ ಬಣ್ಣಕ್ಕೆ ತಿರುಗಿತು. ವೈರ್‌ಲೆಸ್ ಗೊರಗೊರ ಎಂದು ದಿಂಡುಕ್ಕಲ್ ಆಫೀಸಿನ ದನಿ ಬಂತು. "ವಂಡಿ ಯಾಕೆ ದಾರಿ ಬಿಟ್ಟಿದೆ? ರಾಮರ್ ಮುದಲಾಳಿ ಇಲ್ಲೇ ಕೂತಿದಾರೆ, ಕೇಳ್ತಿದಾರೆ."

ತಂಗರಾಜನ ಪಾದ ಬ್ರೇಕಿನ ಮೇಲೆ ನಿಂತಿತು. ಹುಡುಗ ಅವನ ಮುಖ ನೋಡಿದ, ಸೀಟಿನ ಕೆಳಗಿದ್ದ ಮಾತ್ರೆಯ ಪೊಟ್ಟಣ ನೋಡಿದ, ಆಮೇಲೆ ಮೈಕು ತೆಗೆದುಕೊಂಡ.

"ನಾನೇ ತಿರುಗ್ಸು ಅಂದೆ. ಹಳ್ಳಿ ರಸ್ತೆ ನಿಮ್ಮ ಹತ್ರ ಇದೆಯೋ ಇಲ್ಲವೋ ನೋಡ್ಬೇಕು. ಕಳಿಸಿ."

ಸ್ವಲ್ಪ ಹೊತ್ತಿಗೆ ಮಾರ್ಕಯನ್‌ಕೋಟ್ಟೈ ಎಳೆಎಳೆಯಾಗಿ ಪರದೆಗೆ ಬಂತು. ತಂಗರಾಜ್ ಗೇರು ಹಾಕಿದ. ಹುಡುಗ ಈಗ ಕಾಪಾಡಿ ಸಂಜೆ ರಾಮರ್‌ನ ಕಿವಿಗೆ ಊದಿದರೆ?

ಕಮಲಮ್ಮಾಳ್ ಗೋಡೆ ಹಿಡಿದುಕೊಂಡು ಜಗಲಿಗೆ ಬಂದಳು. ಹುಡುಗನ ಮೂಗು ನೋಡಿದೊಡನೆ ಅದು ರಾಮರ್‌ನ ಮನೆಯದೆಂದು ಅವಳಿಗೆ ಗೊತ್ತಾಯಿತು.

"ಏನ್ಲಾ ತಂಗರಾಜಾ, ಕಾವಲು ಕೊಟ್ಟು ಕಳಿಸ್ಯವ್ರಾ ನಿಂಗೆ?"

"ಮಾತ್ರೆ ನುಂಗು ಮೊದ್ಲು," ಎಂದ ತಂಗರಾಜ್.

ಅವಳು ಒಳಗಿಂದ ಚೊಂಬು, ಲೋಟ ತಂದು ತಮ್ಮನಿಗೆ ನೀರು ಬಗ್ಗಿಸಿದಳು. ಹುಡುಗನ ಕಡೆ ನೋಡಲಿಲ್ಲ. ಬೇಡ ಎನ್ನುವ ಕಷ್ಟ ಅವನಿಗೆ ಯಾಕೆ ಕೊಡಬೇಕು?

"ನಂಗೆ ಇಲ್ವಾ ಅತ್ತೆ?"

ಕಮಲಮ್ಮಾಳ್ ಇನ್ನೊಂದು ಲೋಟಕ್ಕೆ ಬಗ್ಗಿಸಿ ಅವನ ಮುಂದಿಟ್ಟಳು. ತಂಗರಾಜ್ ಹುಡುಗನ ಗಂಟಲನ್ನೇ ನೋಡುತ್ತ ನಿಂತ. ಹುಡುಗ ಲೋಟ ಎತ್ತಿ ಕುಡಿದು, ಬಾಯಿ ಒರೆಸದೆ ಮತ್ತೆ ಚಾಚಿದ. ಕಮಲಮ್ಮಾಳ್ ಅವನ ಮುಖ ನೋಡುತ್ತಲೇ ಬಗ್ಗಿಸಿದ ನೀರು ಲೋಟ ತುಂಬಿ ಅವನ ಪ್ಯಾಂಟಿನ ಮೇಲೆ ಚೆಲ್ಲಿತು. ಅವನು ಕಾಲು ಹಿಂದೆಗೆಯಲಿಲ್ಲ.